ಕಡ್ಡಿಗೆ ಬುತ್ತಿ ಕಟ್ಟುವುದು: ತಾಯಿ ಗಿಡಗಳ ಗೊಬ್ಬರ, ನೀರು, ಆರೈಕೆ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಗಚ್ಚಿಯ ಮೇಲೆ ಧಾರವಾಡದಿಂದ ತಂದ ಮುದ್ದೆ ದಾಸವಾಳ ಒಂದಿದೆ. ಕಟ್ಟಡದ ಆರೇಳು ಮನೆಯವರು ಸಸಿ ಕೇಳಿದ್ದರು. ಟೊಂಗೆಯ ತುಂಡು, ಅಂದರೆ ಕಡ್ಡಿ, ಊರಿ ಸಸಿ ಮಾಡೋಣವೆಂದು ಮೊದಲ ಸಲ ಕಡ್ಡಿ ತೆಗೆಯುವ ಹುರುಪಿನಲ್ಲಿ ಏಪ್ರಿಲ್‌ನಿಂದಲೇ ಶೇಂಗಾ ಹಿಂಡಿ ನೆನೆಸಿದ ನೀರು, ಅದರ ಮೇಲೆ ಚಿಟಿಕೆ ಚಿಟಿಕೆ ಯೂರಿಯಾ ಹಾಕಿ ಗಿಡವನ್ನು ಕೊಬ್ಬಿಸಿದೆ. ಎಲೆ ಅಂಗೈ ಅಗಲ, ಬಣ್ಣ ಕರಿಹಸಿರು, ಚಿಗುರು ಮೊಳದುದ್ದ. ಗಚ್ಚಿಗೆ ಬಂದವರೆಲ್ಲ ಹೊಗಳಿದರು. ಜೂನ್‌ನಲ್ಲಿ 40 ಕಡ್ಡಿ ಊರಿದೆ. ಹನ್ನೆರಡನೇ ದಿನ ಒಂದನ್ನು ಎತ್ತಿ ಬುಡ ಹಿಚುಕಿದರೆ ಬೆಂದ ಬದನೆಕಾಯಿ ಹಾಗೆ ಬೆರಳಿಗೆ ಅಂಟಿತು. ಕೊನೆಗೆ ಉಳಿದದ್ದು ಮೂರು.

ಹಡಪ್ಸರ್ ಕಡೆ ಒಂದು ನರ್ಸರಿಯಲ್ಲಿ ಇಂಡಿ ತಾಲೂಕಿನ ಕಾಕಾ ಒಬ್ಬರು ಕೆಲಸಕ್ಕಿದ್ದಾರೆ. ಮರಾಠಿಯಲ್ಲಿ ಶುರುವಾದ ನಮ್ಮ ಮಾತು ಎರಡನೇ ವಾಕ್ಯಕ್ಕೇ ಕನ್ನಡಕ್ಕೆ ಹೊರಳಿತು. ನನ್ನ ಕಥೆ ಕೇಳಿ ನಕ್ಕರು. "ಗಿಡದ ಹೊಟ್ಟಿ ತುಂಬಿಸೀರಿ ಸರ, ಖರೆ. ಆದ್ರ ಕಡ್ಡಿ ಊರು ಬಿಟ್ಟು ಹೊಂಟೈತಿ. ಅದಕ್ಕ ಬುತ್ತಿ ಕಟ್ಟಿಲ್ಲಲ್ರಿ."

ಕತ್ತರಿಸಿದ ಕಡ್ಡಿಗೆ ಬೇರಿಲ್ಲ. ಸೇವಂತಿಗೆಗೆ ಎರಡು ವಾರ, ದಾಸವಾಳ, ಮಲ್ಲಿಗೆಗೆ ನಾಲ್ಕರಿಂದ ಆರು ವಾರ ಅದು ಹೆಚ್ಚುಕಡಿಮೆ ತಾಯಿ ಗಿಡದಿಂದ, ಅಂದರೆ ತನ್ನನ್ನು ಕತ್ತರಿಸಿಕೊಂಡ ಗಿಡದಿಂದ, ತಂದ ಸಕ್ಕರೆ, ಪಿಷ್ಟದ ಮೇಲೆಯೇ ದಿನ ದೂಡಬೇಕು. ಸಾರಜನಕ ಅತಿಯಾದಾಗ ಗಿಡ ಆ ಪಿಷ್ಟವನ್ನು ಕೂಡಿಡದೆ ಹೊಸ ಎಲೆ ಕಟ್ಟಲು ಖರ್ಚು ಮಾಡಿಬಿಡುತ್ತದೆ. ಕಾಂಡ ಉಬ್ಬುತ್ತದೆ, ಒಳಗೆ ನೀರೇ ಜಾಸ್ತಿ. ಅದು ಅನ್ನ-ಸಾರಿನ ಬುತ್ತಿ, ಮಧ್ಯಾಹ್ನಕ್ಕೇ ಹಳಸುತ್ತದೆ. ನಮಗೆ ಬೇಕಾದದ್ದು ಖಡಕ್ ರೊಟ್ಟಿ. ಕಡ್ಡಿ ಬೇರು ಬಿಡುತ್ತದೋ ಇಲ್ಲವೋ ಎಂಬುದು ಬಹುಪಾಲು ಕತ್ತರಿ ಹಿಡಿಯುವ ಎರಡು ವಾರ ಮೊದಲೇ, ತಾಯಿ ಗಿಡದ ಕುಂಡದಲ್ಲೇ ತೀರ್ಮಾನವಾಗಿರುತ್ತದೆ.

ತಾಯಿ ಯಾರಾಗಬೇಕು

ಚೆಂದದ ಹೂ ಬಿಟ್ಟ ಗಿಡವೆಲ್ಲ ತಾಯಿಯಾಗಲು ಯೋಗ್ಯವಲ್ಲ. ಒಂದು ಪೂರ್ತಿ ಹಂಗಾಮು ಹೂ ನೋಡಿ, ಬಣ್ಣ ಕದಲಿಲ್ಲ ಎಂದು ಖಾತ್ರಿಯಾದ ಮೇಲೆ ಆರಿಸಿ. ಎಲೆಯಲ್ಲಿ ಹಳದಿ ಚಿತ್ತಾರ, ಕುಗ್ಗಿದ ತುದಿ, ಕಾರಣವಿಲ್ಲದೆ ಗಿಡ್ಡವಾದ ಗೆಣ್ಣು ಕಂಡರೆ ಬಿಟ್ಟುಬಿಡಿ. ವೈರಸ್ ರೋಗಕ್ಕೆ ಔಷಧಿ ಇಲ್ಲ. ತಾಯಿಗೆ ಇದ್ದರೆ ತೆಗೆದ ಅಷ್ಟೂ ಕಡ್ಡಿಗೂ ಇರುತ್ತದೆ. ಸೇವಂತಿಗೆಯಲ್ಲಿ ಗಿಡವನ್ನು ಕುಳ್ಳಾಗಿಸುವ ಒಂದು ವೈರಾಯ್ಡ್ (ವೈರಸ್‌ಗಿಂತಲೂ ಚಿಕ್ಕ ರೋಗಕಾರಿ) ಇದೆ. ಅದು ಕತ್ತರಿಯ ಬಾಯಿಂದ, ಬೆರಳಿನಿಂದಲೂ ಹರಡುತ್ತದೆ.

ಸೇವಂತಿಗೆಗೆ ನಮ್ಮ ಕಡೆಯ ಹಳೇ ಪದ್ಧತಿಯೇ ಸರಿ. ಡಿಸೆಂಬರ್-ಜನವರಿಯಲ್ಲಿ ಹೂ ಮುಗಿದ ಮೇಲೆ ಗಿಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಬುಡದ ಸುತ್ತ ಮರಿಗಳು ಏಳುತ್ತವೆ. ಫೆಬ್ರವರಿಯಲ್ಲಿ ಆ ಮರಿಗಳನ್ನು ಬೇರುಸಮೇತ ಬಿಡಿಸಿ ಬೇರೆ ಕುಂಡಕ್ಕೆ ಹಾಕಿದರೆ ಅವೇ ಆ ವರ್ಷದ ತಾಯಂದಿರು. ಜೂನ್-ಜುಲೈ ಹೊತ್ತಿಗೆ ಅವುಗಳ ತುದಿಗಳು ಕಡ್ಡಿಗೆ ಸಿದ್ಧ. ಜನವರಿಯಲ್ಲಿ ಪುಣೆಯ ಎಂಪ್ರೆಸ್ ಗಾರ್ಡನ್‌ನ ಹೂವಿನ ಪ್ರದರ್ಶನಕ್ಕೆ ಹೋದಾಗ ಹೊಸ ಬಣ್ಣ ಕಂಡು ಮನಸ್ಸು ಜಾರುವುದುಂಟು. ತನ್ನಿ, ಆದರೆ ಮೂರು ವಾರ ಬೇರೆ ಮೂಲೆಯಲ್ಲಿಟ್ಟು, ಹುಳ-ರೋಗ ಇಲ್ಲವೆಂದು ನೋಡಿ ಆಮೇಲೆ ಉಳಿದವುಗಳ ಜೊತೆ ಸೇರಿಸಿ.

ಪ್ರತಿ ತಳಿಗೂ ಎರಡು ತಾಯಿ ಇರಲಿ. ಎರಡನೆಯದು ನಿಮ್ಮ ಗಚ್ಚಿಯಲ್ಲಿ ಇರದಿದ್ದರೆ ಇನ್ನೂ ಒಳ್ಳೆಯದು.

ಕುಂಡ, ಮಣ್ಣು

ದಾಸವಾಳ, ಮಲ್ಲಿಗೆಗೆ 12ರಿಂದ 14 ಇಂಚಿನ ಕುಂಡ. ಸೇವಂತಿಗೆಗೆ 8-10 ಇಂಚು ಸಾಕು. ಪುಣೆಯ ಕರಿಮಣ್ಣು ಕುಂಡಕ್ಕೆ ಆಗುವುದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಇಲ್ಲಿನ ನರ್ಸರಿಗಳಲ್ಲಿ 'ಲಾಲ್ ಮಾತಿ' ಎಂದು ಕೇಳಿ, ಕೆಂಪು ಮಣ್ಣು ಸಿಗುತ್ತದೆ. ನನ್ನ ಮಿಶ್ರಣ: ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಅರ್ಧ ಪಾಲು ದಪ್ಪ ಮರಳು. ಕುಂಡಕ್ಕೊಂದು ಮುಷ್ಟಿ ಬೇವಿನ ಹಿಂಡಿ.

ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಹಾಗೇ ಬಳಸಬೇಡಿ. ಅದರಲ್ಲಿ ಸೋಡಿಯಂ, ಪೊಟ್ಯಾಶಿಯಂ ಉಪ್ಪು ಇರುತ್ತದೆ. ಮೊದಲು ಎರಡು ಸಲ ತೊಳೆದು, ಲೀಟರಿಗೆ 5-10 ಗ್ರಾಂ ಕ್ಯಾಲ್ಶಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಬಿಟ್ಟು, ಮತ್ತೆ ತೊಳೆದು ಹಿಂಡಿಕೊಳ್ಳಿ. ಕ್ಯಾಲ್ಶಿಯಂ ಒಳಗೆ ಕೂತು ಸೋಡಿಯಂ ಹೊರಗೆ ಹೋಗುತ್ತದೆ. ಬೇಸರದ ಕೆಲಸವೇ, ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಚಿವುಟಿ ಹರಡಿಸುವುದು

ಎತ್ತರ ಹೋದ ಗಿಡದಲ್ಲಿ ಕಡ್ಡಿ ಕಡಿಮೆ. ಸೇವಂತಿಗೆ ಮರಿ ನೆಟ್ಟು ಹತ್ತು-ಹನ್ನೆರಡು ದಿನಕ್ಕೆ ತುದಿ ಚಿವುಟಿ. ಬಂದ ಪ್ರತಿ ಟೊಂಗೆಯಲ್ಲೂ ಮೂರು ಎಲೆ ಬಿಟ್ಟು ಮತ್ತೆ ಚಿವುಟಿ. ಎರಡು ಸುತ್ತಿಗೆ ಗಿಡ ಬುಟ್ಟಿಯಾಗುತ್ತದೆ. ದಾಸವಾಳಕ್ಕೆ ಇಷ್ಟು ನಾಜೂಕು ಬೇಡ. ಫೆಬ್ರವರಿ ಕೊನೆಗೆ ಎಲ್ಲ ಟೊಂಗೆಗಳನ್ನೂ ಮೂರನೇ ಒಂದು ಭಾಗ ಇಳಿಸಿ. ಮಲ್ಲಿಗೆಯನ್ನು ಚಳಿಯಲ್ಲಿ, ಡಿಸೆಂಬರ್-ಜನವರಿಗೆ ಕತ್ತರಿಸುವುದು ರೂಢಿ. ಮೊಗ್ಗು ಕಂಡಲ್ಲೆಲ್ಲ ಚಿವುಟಿಹಾಕಿ. ಇದೇ ನನಗೆ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಮನೆಯಲ್ಲಿ ದೇವರ ಮುಂದೆ ಹೂವಿಲ್ಲ, ಗಚ್ಚಿಯಲ್ಲಿ ಮೊಗ್ಗು ಕಸದಬುಟ್ಟಿಗೆ ಹೋಗುತ್ತಿದೆ ಎಂದರೆ ಅವ್ವ ಸುಮ್ಮನಿರುತ್ತಾಳೆಯೇ? ರಾಜಿಯಾಗಿ, ಪೂಜೆಗೆಂದೇ ಬೇರೊಂದು ದಾಸವಾಳ ಇಟ್ಟೆವು. ಜಾತ್ರೆಗೆ ಸಿಂಗರಿಸುವ ಹೋರಿ ಬೇರೆ, ಹಿಂಡುವ ಎಮ್ಮೆ ಬೇರೆ.

ಗೊಬ್ಬರ: ಎಷ್ಟು, ಯಾವಾಗ, ಎಲ್ಲಿ ಕೈ ತಡೆಯಬೇಕು

ಮೊದಲು ಅಳತೆ. ಚಮಚದ ಲೆಕ್ಕ ಬಿಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಕೃಷಿ ಸೇವಾ ಕೇಂದ್ರಗಳಲ್ಲಿ ಸಿಗುವ ನೀರಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ತಲಾ ಶೇ. 19) ಒಂದು ಗ್ರಾಂ ಅನ್ನು ಒಂದು ಲೀಟರ್ ನೀರಿಗೆ ಹಾಕಿದರೆ ಸಾರಜನಕ 190 ಪಿಪಿಎಂ, ಅಂದರೆ ಲೀಟರಿಗೆ 190 ಮಿಲಿಗ್ರಾಂ, ಆಗುತ್ತದೆ. ಕ್ಯಾಲ್ಶಿಯಂ ನೈಟ್ರೇಟ್‌ನಲ್ಲಿ ಸಾರಜನಕ ಶೇ. 15.5; ಒಂದು ಗ್ರಾಂಗೆ 155 ಪಿಪಿಎಂ. ಯೂರಿಯಾದಲ್ಲಿ ಶೇ. 46. ನಾನು ಅಂದು ಹಾಕಿದ 'ಚಿಟಿಕೆ' ಎಷ್ಟು ಜೋರಿತ್ತು ಎಂಬುದು ಈ ಅಂಕಿ ನೋಡಿದ ಮೇಲೆ ತಿಳಿಯಿತು.

ಸೇವಂತಿಗೆಯ ದಾರಿ ಬೇರೆ, ಗಟ್ಟಿ ಕಾಂಡದ ಗಿಡಗಳ ದಾರಿ ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸಿದ್ದು ನನ್ನ ಎರಡನೇ ತಪ್ಪು. ಕಾಕಾ ಹೇಳಿದ್ದೇ ಮಂತ್ರವೆಂದು ಸೇವಂತಿಗೆಯನ್ನೂ ಉಪವಾಸ ಕೆಡವಿದೆ. ತುದಿಗಳು ಕಟ್ಟಿಗೆಯಾದವು, ಮೂರನೇ ವಾರಕ್ಕೆ ಮೊಗ್ಗು ಹಿಡಿದು ಕೂತವು. ಅಂಥ ಕಡ್ಡಿ ಊರಿದರೆ ಬೇರಿಗಿಂತ ಮೊದಲು ಹೂ ಬಿಡುತ್ತದೆ.

ಸೇವಂತಿಗೆಯಿಂದ ಎರಡು-ಮೂರು ವಾರಕ್ಕೊಮ್ಮೆ ತುದಿ ಕೊಯ್ಯುತ್ತಲೇ ಇರುತ್ತೇವೆ. ಹಾಗಾಗಿ ಅದಕ್ಕೆ ಸದಾ ಹಗುರವಾದ ಊಟ ಬೇಕು, ಹೊಟ್ಟೆ ಬಿರಿಯುವಷ್ಟೂ ಬೇಡ, ಉಪವಾಸವೂ ಬೇಡ. ಒಂದು ವಾರ 19:19:19 ಲೀಟರಿಗೆ ಒಂದು ಗ್ರಾಂ, ಮುಂದಿನ ವಾರ ಕ್ಯಾಲ್ಶಿಯಂ ನೈಟ್ರೇಟ್ ಲೀಟರಿಗೆ ಒಂದು ಗ್ರಾಂ. ಕುಂಡದ ತಳದಿಂದ ಸ್ವಲ್ಪ ಹೊರಬರುವ ತನಕ ಕೊಡಿ, 10 ಇಂಚಿನ ಕುಂಡಕ್ಕೆ ಒಂದು ಲೀಟರ್ ಆಸುಪಾಸು ಹಿಡಿಯುತ್ತದೆ. ತಿಂಗಳಿಗೊಮ್ಮೆ ಲೀಟರಿಗೆ ಒಂದು ಗ್ರಾಂ ಎಪ್ಸಮ್ ಉಪ್ಪು, ಅಂದರೆ ಮೆಗ್ನೀಶಿಯಂ ಸಲ್ಫೇಟ್. ಕ್ಯಾಲ್ಶಿಯಂ ನೈಟ್ರೇಟನ್ನು ಎಪ್ಸಮ್ ಜೊತೆಗಾಗಲಿ, ರಂಜಕ ಇರುವ ಗೊಬ್ಬರದ ಜೊತೆಗಾಗಲಿ ಒಂದೇ ಬಾಟಲಿಯಲ್ಲಿ ಗಟ್ಟಿ ದ್ರಾವಣವಾಗಿ ಬೆರೆಸಬೇಡಿ. ಸುಣ್ಣದ ನೀರಿನ ಹಾಗೆ ಬೆಳ್ಳಗಾಗಿ ತಳಕ್ಕೆ ಕೂರುತ್ತದೆ, ಗಿಡಕ್ಕೆ ಏನೂ ಸಿಗುವುದಿಲ್ಲ.

ದಾಸವಾಳ, ಮಲ್ಲಿಗೆ, ಕಾಗದದ ಹೂವಿನ ಗಿಡಗಳಿಗೆ ಮೂರು ಹಂತ. ಕತ್ತರಿಸಿದ ಮೇಲೆ ಚಿಗುರು ಬರುವಾಗ, ಆರೇಳು ವಾರ, ಹತ್ತು ದಿನಕ್ಕೊಮ್ಮೆ ಮೇಲಿನ ಎರಡು ದ್ರಾವಣ ಸರದಿಯಲ್ಲಿ. ದಾಸವಾಳಕ್ಕೆ ರಂಜಕ ಜಾಸ್ತಿಯಾದರೆ ಆಗಿಬರುವುದಿಲ್ಲ, ಕಬ್ಬಿಣ ಸಿಗದೆ ಎಲೆ ಬಿಳಿಚುತ್ತದೆ. ಅದಕ್ಕೆ ಕ್ಯಾಲ್ಶಿಯಂ ನೈಟ್ರೇಟ್ ಎರಡು ಸಲ, 19:19:19 ಒಂದು ಸಲ. ಮೂಳೆಪುಡಿ ಬೇಡವೇ ಬೇಡ. ಚಿಗುರು ಒಂದು ಗೇಣು ಬೆಳೆದು, ಬುಡದ ಕಡೆ ಹಸಿರು ಹೋಗಿ ಕಂದು ಬಣ್ಣ ಹತ್ತತೊಡಗಿದಾಗ ಎರಡನೇ ಹಂತ. ಸಾರಜನಕ ನಿಲ್ಲಿಸಿ. ಹದಿನೈದು ದಿನದಲ್ಲಿ ಎರಡು ಸಲ 0:0:50, ಅಂದರೆ ಪೊಟ್ಯಾಶಿಯಂ ಸಲ್ಫೇಟ್, ಲೀಟರಿಗೆ ಒಂದು ಗ್ರಾಂ. ಪೂರ್ತಿ ಬಿಸಿಲಲ್ಲಿಡಿ. ಎಲೆ ಸಕ್ಕರೆ ಮಾಡುತ್ತಲೇ ಇರುತ್ತದೆ, ಹೊಸ ಚಿಗುರಿಗೆ ಖರ್ಚಿಲ್ಲ, ಕಾಂಡದಲ್ಲಿ ಪಿಷ್ಟ ತುಂಬುತ್ತದೆ. ಬುತ್ತಿ ಕಟ್ಟುವುದು ಎಂದರೆ ಇದೇ. ಮೂರನೇ ಹಂತ ಕಡ್ಡಿ ತೆಗೆದ ಮೇಲಿನದು. ಅದನ್ನು ಮುಂದೆ ಹೇಳುತ್ತೇನೆ.

ಪಿಷ್ಟ ತುಂಬಿದೆಯೇ ಎಂದು ನೋಡಲು ಒಂದು ಚಿಕ್ಕ ಪರೀಕ್ಷೆ ಇದೆ. ದ್ರಾಕ್ಷಿ ಕಡ್ಡಿ ಆರಿಸುವಾಗ ಅಯೋಡಿನ್ ಬಳಸುವ ವಿಧಾನ ತೋಟಗಾರಿಕೆಯಲ್ಲಿ ಹಳೆಯದು. ಅಯೋಡಿನ್ ತಾಗಿದರೆ ಪಿಷ್ಟ ನೀಲಿ-ನೇರಳೆಯಾಗುತ್ತದೆ. ಮನೆಯಲ್ಲಿ ಗಾಯಕ್ಕೆ ಹಚ್ಚುವ, ಅಯೋಡಿನ್ ಇರುವ ಬೆಟಾಡಿನ್ ದ್ರವ ಇದ್ದರೆ ಸಾಕು. ಒಂದು ಹನಿಗೆ ಐದು ಹನಿ ನೀರು ಬೆರೆಸಿ. ದಾಸವಾಳದ ಟೊಂಗೆಯನ್ನು ಹರಿತವಾದ ಬ್ಲೇಡಿನಿಂದ ಅಡ್ಡ ಕೊಯ್ದು, ಕೊಯ್ದ ಮುಖಕ್ಕೆ ಒಂದು ಹನಿ ಬಿಟ್ಟು ಒಂದು ನಿಮಿಷ ತಡೆದು ತೊಳೆಯಿರಿ. ಯೂರಿಯಾ ತಿಂದ ಟೊಂಗೆಯ ಮುಖ ಚಹಾದ ಬಣ್ಣದಲ್ಲೇ ಉಳಿಯಿತು. ಹದಿನೈದು ದಿನ ಕೈ ತಡೆದ ಟೊಂಗೆಯಲ್ಲಿ ನಡುವಿನ ಬೆಂಡಿನ ಸುತ್ತ ನೇರಳೆಹಣ್ಣು ತಿಂದ ನಾಲಿಗೆಯಂಥ ಬಣ್ಣದ ಉಂಗುರ ಮೂಡಿತು. ಅದನ್ನು ನೋಡಿದ ದಿನ ನನ್ನ ಮಗಳು ಅಡುಗೆಮನೆಯ ಬಟಾಟೆ, ಚಪಾತಿ, ಎಲ್ಲದಕ್ಕೂ ಬೆಟಾಡಿನ್ ಹಾಕಿ ನೋಡಿದಳು.

ಹಿಂಡಿಯ ಬಗ್ಗೆ ಒಂದು ಮಾತು. ಶೇಂಗಾ ಹಿಂಡಿಯಲ್ಲಿ ಸಾರಜನಕ ಸುಮಾರು ಶೇ. 7, ಬೇವಿನ ಹಿಂಡಿಯಲ್ಲಿ ಶೇ. 5. ಕೆಟ್ಟದ್ದಲ್ಲ, ಆದರೆ ಯಾವಾಗ ಎಷ್ಟು ಬಿಡುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಏಪ್ರಿಲ್ ಬಿಸಿಲಿಗೆ ಬೇಗ ಕೊಳೆತು ಒಮ್ಮೆಲೇ ಬಿಡುತ್ತದೆ. ಕೊಡುವುದಿದ್ದರೆ ಮೊದಲ ಹಂತದಲ್ಲಿ ಮಾತ್ರ: 100 ಗ್ರಾಂ ಹಿಂಡಿ 5 ಲೀಟರ್ ನೀರಲ್ಲಿ ಮೂರ್ನಾಲ್ಕು ದಿನ ನೆನೆಸಿ, ಸೋಸಿ, ಅಷ್ಟೇ ನೀರು ಬೆರೆಸಿ ತಿಂಗಳಿಗೊಮ್ಮೆ. ಬಾಳೆಸಿಪ್ಪೆ ನೆನೆಸಿದ ನೀರನ್ನು ಹಾಕುವವರು ಹಾಕಲಿ. ತಾಯಿ ಗಿಡ ಅದನ್ನು ನಂಬಿ ಬದುಕುವುದಿಲ್ಲ.

ಎಲೆ ಓದುವುದನ್ನು ಕಲಿತರೆ ಅರ್ಧ ಕೆಲಸ ಹಗುರ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಕಡಿಮೆ. ಹಳೇ ಎಲೆಯಲ್ಲಿ ನರ ಹಸಿರಿದ್ದು ನಡುವೆ ಹಳದಿಯಾದರೆ ಮೆಗ್ನೀಶಿಯಂ. ಅದೇ ಚಿತ್ತಾರ ತುದಿಯ ಎಳೆ ಎಲೆಯಲ್ಲಿ ಕಂಡರೆ ಕಬ್ಬಿಣ. ಬೋರ್‌ವೆಲ್ ನೀರು ಕುಡಿದು ಮಣ್ಣು ಸುಣ್ಣವಾಗಿದ್ದರೆ ಈಡಿಟಿಎ ಎಂದು ಬರೆದ ಸಾಮಾನ್ಯ ಕಬ್ಬಿಣದ ಗೊಬ್ಬರ ಕೆಲಸ ಮಾಡುವುದಿಲ್ಲ, ಈಡಿಡಿಎಚ್‌ಎ ಎಂದು ಬರೆದದ್ದನ್ನೇ ಕೇಳಿ ತನ್ನಿ.

ನೀರು ಮತ್ತು ಬಿಳಿ ಪಟ್ಟಿ

ಒಂದು ಮೇ ತಿಂಗಳಲ್ಲಿ ನಲ್ಲಿ ನೀರು ಕಡಿಮೆಯಾಗಿ ಕಟ್ಟಡಕ್ಕೆ ಟ್ಯಾಂಕರ್ ತರಿಸಿದ್ದರು. ಎರಡೇ ವಾರಕ್ಕೆ ಮಣ್ಣಿನ ಕುಂಡಗಳ ಅಂಚಿಗೆ ವಿಭೂತಿ ಬಳಿದಂತೆ ಬಿಳಿ ಪಟ್ಟಿ, ಮಲ್ಲಿಗೆ ಎಲೆಯ ಅಂಚು ಸುಟ್ಟು ಕಂದು. ನೀರಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ನಲ್ಲಿ ನೀರು 100ರ ಆಸುಪಾಸು, ಟ್ಯಾಂಕರಿನದು 800 ದಾಟಿತ್ತು. ಅದರ ಮೇಲೆ ನಾನು ಗೊಬ್ಬರ ಬೇರೆ ಕರಗಿಸಿ ಕೊಡುತ್ತಿದ್ದೆ.

ಆ ಮೀಟರಿಗೆ ನಾಲ್ಕಾರು ನೂರು ರೂಪಾಯಿ, ಕೊಳ್ಳಿ. ಹಾಕಿದ ನೀರಿನ ಅಂಕಿ, ಕುಂಡದ ತಳದಿಂದ ಬಂದ ನೀರಿನ ಅಂಕಿ ಹೋಲಿಸಿ. ಹೊರಬಂದದ್ದು ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಉಪ್ಪು ಕೂತಿದೆ ಎಂದು ಅರ್ಥ. ಆಗ ಗೊಬ್ಬರ ನಿಲ್ಲಿಸಿ ಕುಂಡ ತೊಳೆಯಬೇಕು: 12 ಇಂಚಿನ ಕುಂಡಕ್ಕೆ ಒಳ್ಳೇ ನೀರು ಎರಡು ಬಕೆಟ್, ನಿಧಾನವಾಗಿ, ಅರ್ಧ ಗಂಟೆಯ ಅವಧಿಯಲ್ಲಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಇದನ್ನು ಹೇಗೂ ಮಾಡಿ. ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ; ಆಗ ಚಿಂತೆ ತಿರುಗುಮುರುಗು, ಗೊಬ್ಬರವೂ ಕೊಚ್ಚಿಹೋಗುತ್ತದೆ. ಜುಲೈನಲ್ಲಿ ನಾನು ಅರ್ಧ ಗ್ರಾಂ ಲೆಕ್ಕದಲ್ಲಿ ವಾರಕ್ಕೆರಡು ಸಲ, ಮಳೆ ಬಿಟ್ಟಾಗ ನೋಡಿ ಕೊಡುತ್ತೇನೆ.

ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ. ಮೊದಲು ಬರೀ ನೀರು, ಆಮೇಲೆ ಅದು.

ಸೇವಂತಿಗೆಗೆ ರಾತ್ರಿ ದೀಪ

ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗಾಗುವ ಗಿಡ. ತಳಿಯಿಂದ ತಳಿಗೆ ವ್ಯತ್ಯಾಸವಿದ್ದರೂ ಹಗಲು 13-14 ಗಂಟೆಗಿಂತ ಕಡಿಮೆಯಾದರೆ ಮೊಗ್ಗಿನತ್ತ ಹೊರಳುತ್ತದೆ. ಪುಣೆಯಲ್ಲಿ ಜೂನ್ 21ರಂದೂ ಹಗಲು ಸುಮಾರು 13 ಗಂಟೆ 10 ನಿಮಿಷ ಮಾತ್ರ. ಎಂದರೆ ವರ್ಷದ ಯಾವ ತಿಂಗಳಲ್ಲೂ ತಾಯಿ ಗಿಡ ಪೂರ್ತಿ ನಿಶ್ಚಿಂತೆಯಲ್ಲ. ಆಗಸ್ಟ್ ನಂತರ ಕಡ್ಡಿ ಬೇಕಿದ್ದರೆ ದೀಪ ಹಾಕಲೇಬೇಕು.

ಸಂಜೆಯಿಂದ ದೀಪ ಉರಿಸಬೇಕಿಲ್ಲ. ಕತ್ತಲನ್ನು ನಡುವೆ ಮುರಿದರೆ ಸಾಕು, ರಾತ್ರಿ 10ರಿಂದ 2ರವರೆಗೆ. ಹಳದಿ ಬೆಳಕಿನ 9 ವ್ಯಾಟ್ ಎಲ್‌ಇಡಿ ಬಲ್ಬು, ಗಿಡದ ತಲೆಯಿಂದ ಒಂದು ಮೀಟರ್ ಮೇಲೆ, ಎಲೆಯ ಮಟ್ಟದಲ್ಲಿ 100 ಲಕ್ಸ್‌ನಷ್ಟು ಬೆಳಕು ಬೀಳಬೇಕು. ಟೈಮರ್ ಪ್ಲಗ್ ಹಾಕಿ. ಎದುರು ಕಟ್ಟಡದ ಬೆಳಗಾವಿಯ ವೈನಿ ಒಂದು ದಿನ ಲಿಫ್ಟಿನ ಹತ್ತಿರ ಹಿಡಿದು, "ಭಾವುಜಿ, ರಾತ್ರಿ ಎಲ್ಲಾ ಗಚ್ಚಿ ಮ್ಯಾಲೆ ಏನ್ ಓದ್ತೀರಿ?" ಎಂದರು. ಈಗ ಬಲ್ಬಿನ ಸುತ್ತ ಹಳೇ ಡಬ್ಬಿಯ ಮುಸುಕು ಇದೆ, ಬೆಳಕು ಕೆಳಗಷ್ಟೇ ಬೀಳುತ್ತದೆ. ಅವರ ಬಾಲ್ಕನಿಯಲ್ಲಿ ನಮ್ಮ ಗಚ್ಚಿಯ ಎರಡು ಸೇವಂತಿಗೆಯೂ ಇವೆ.

ಕತ್ತರಿ ಹಾಕುವ ದಿನ

ಹಿಂದಿನ ಸಂಜೆ ಚೆನ್ನಾಗಿ ನೀರು ಕೊಡಿ. ಬೆಳಗ್ಗೆ ಎಂಟರೊಳಗೆ ಕೆಲಸ ಮುಗಿಸಿ, ಎಲೆ ಆಗ ತುಂಬಿಕೊಂಡಿರುತ್ತದೆ. ಸೇವಂತಿಗೆಯ ತುದಿಯನ್ನು 5-7 ಸೆಂಟಿಮೀಟರ್ ಕೆಳಗೆ ಹಿಡಿದು ಬಗ್ಗಿಸಿ. 'ಟಕ್' ಎಂದು ಎಳೆ ಬೀನ್ಸ್ ಮುರಿದಂತೆ ಮುರಿದರೆ ಹದ. ಬಾಗಿ ಸುಮ್ಮನಾದರೆ ಎಳಸು, ನಾರು ಎಳೆದುಕೊಂಡು ಬಂದರೆ ಬಲಿತಿದೆ. ಮುರಿದ ಜಾಗದ ಕೆಳಗೆ ತಾಯಿಯಲ್ಲಿ ಕನಿಷ್ಠ ಎರಡು ಎಲೆ ಉಳಿಯಬೇಕು. ಮುಂದಿನ ಕಡ್ಡಿ ಬರುವುದು ಆ ಎಲೆಗಳ ಕಂಕುಳಿಂದ.

ದಾಸವಾಳಕ್ಕೆ ಪೆನ್ಸಿಲ್ ದಪ್ಪದ, ಹಸಿರು-ಕಂದು ಸೇರುವ ಭಾಗ, 12-15 ಸೆಂಟಿಮೀಟರ್, ಮೂರ್ನಾಲ್ಕು ಗೆಣ್ಣು. ಪುಣೆಯಲ್ಲಿ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಒಳ್ಳೇ ಕಾಲ. ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಹಾಗೆ ಲೆಕ್ಕ ಹಾಕಿದರೆ 14 ಇಂಚಿನ ಕುಂಡದ ಗಿಡದಿಂದ ಒಂದು ಸುತ್ತಿಗೆ ಹತ್ತು-ಹದಿನೈದು ಕಡ್ಡಿ. ನಾನು 40 ತೆಗೆದ ವರ್ಷ ಕಡ್ಡಿಗಳಷ್ಟೇ ಅಲ್ಲ, ತಾಯಿಯೂ ದೀಪಾವಳಿವರೆಗೆ ಮೇಲೇಳಲಿಲ್ಲ.

ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಅದ್ದಲು ಪಕ್ಕದಲ್ಲಿ ಒಂದು ಲೋಟ ಇರಲಿ: ಒಂದು ಪಾಲು ಬ್ಲೀಚ್ ದ್ರವ, ಒಂಬತ್ತು ಪಾಲು ನೀರು. ಸ್ಪಿರಿಟ್ ಬ್ಯಾಕ್ಟೀರಿಯಾಕ್ಕೆ ಸರಿ, ವೈರಸ್ ಮಟ್ಟಿಗೆ ನಂಬುವಂತಿಲ್ಲ. ಕೆಲಸ ಮುಗಿದ ಮೇಲೆ ತೊಳೆದು ಎಣ್ಣೆ ಒರೆಸಿ, ಇಲ್ಲದಿದ್ದರೆ ತುಕ್ಕು.

ಇನ್ನು ಮೂರನೇ ಹಂತ. ಕಡ್ಡಿ ತೆಗೆದ ಗಿಡಕ್ಕೆ ಎಲೆ ಕಡಿಮೆ, ಕುಡಿಯುವುದೂ ಕಡಿಮೆ. ಮೊದಲ ನಾಲ್ಕೈದು ದಿನ ನೀರು ಹಿಡಿತದಲ್ಲಿರಲಿ, ಗೊಬ್ಬರ ಬೇಡ. ಕಣ್ಣು ಒಡೆದು ಹಸಿರು ಚುಕ್ಕೆ ಕಂಡ ಮೇಲೆ ಅರ್ಧ ಪ್ರಮಾಣದಿಂದ ಶುರು ಮಾಡಿ. ಬಾಣಂತಿಗೆ ಮೊದಲ ದಿನವೇ ಹೋಳಿಗೆ ಬಡಿಸುವುದಿಲ್ಲವಲ್ಲ.

ಹುಳ

ಮಾರ್ಚ್‌ನಿಂದ ಮೇವರೆಗೆ ಸೇವಂತಿಗೆಗೆ ಕೆಂಪು ನುಸಿ. ಎಲೆಯ ಹಿಂಬದಿಗೆ ವಾರಕ್ಕೆರಡು ಸಲ ಪೈಪಿನಿಂದ ಜೋರಾಗಿ ನೀರು ಹೊಡೆದರೆ ಮುಕ್ಕಾಲು ಪಾಲು ಹೋಗುತ್ತದೆ. ಗಂಧಕದ ಪುಡಿ ಸಿಂಪಡಿಸುವುದಿದ್ದರೆ 35 ಡಿಗ್ರಿ ದಾಟಿದ ದಿನ ಬೇಡ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಎಲೆ ಸುಡುತ್ತದೆ.

ದಾಸವಾಳಕ್ಕೆ ಹಿಟ್ಟುತಿಗಣೆ. ಮೊದಲು ಇರುವೆ ಸಾಲು ನೋಡಿ, ತಿಗಣೆಯನ್ನು ಸಾಕುವವರೇ ಅವು. ಕುಂಡವನ್ನು ನೀರಿನ ತಟ್ಟೆಯಲ್ಲಿ ಮೂರು ಇಟ್ಟಿಗೆ ಚೂರಿನ ಮೇಲೆ ಕೂರಿಸಿದರೆ ಇರುವೆ ಹತ್ತುವುದಿಲ್ಲ; ತಟ್ಟೆಯ ನೀರನ್ನು ಮೂರು ದಿನಕ್ಕೊಮ್ಮೆ ಬದಲಿಸಿ, ಸೊಳ್ಳೆಯಾದೀತು. ಕಂಡಕಂಡ ಕೀಟನಾಶಕ ಹೊಡೆಯಬೇಡಿ. ಭಾರತದಲ್ಲಿ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿ ಹಿಟ್ಟುತಿಗಣೆ ದಾಸವಾಳವನ್ನೂ ಬಿಡಲಿಲ್ಲ. ಅದನ್ನು ಹತೋಟಿಗೆ ತಂದದ್ದು 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಬ್ಯೂರೋ ಪೋರ್ಟೊರಿಕೊದಿಂದ ತರಿಸಿದ ಸಾಸಿವೆಗಿಂತ ಚಿಕ್ಕ ಪರತಂತ್ರ ಕಣಜ, ತಿಗಣೆಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವಂಥದ್ದು. ಔಷಧಿ ಹೊಡೆದರೆ ಮೊದಲು ಸಾಯುವುದು ಅಂಥವೇ. ನಾನು ಬೇವಿನೆಣ್ಣೆ 5 ಮಿಲಿ, ನಾಲ್ಕು ಹನಿ ಸೋಪು ಒಂದು ಲೀಟರಿಗೆ, ಸಂಜೆ ಹೊತ್ತು. ಕಡ್ಡಿ ತೆಗೆಯುವ ವಾರ ಅದೂ ಇಲ್ಲ.

ತಾಯಿಗೆ ವಯಸ್ಸಾದಾಗ

ಸೇವಂತಿಗೆ ತಾಯಿಯ ಆಯಸ್ಸು ಒಂದೇ ಹಂಗಾಮು. ಆಮೇಲೆ ಕಡ್ಡಿ ತೆಳ್ಳಗಾಗುತ್ತದೆ, ಬುಡ ಕಟ್ಟಿಗೆಯಾಗುತ್ತದೆ. ಅದಕ್ಕೆ ಮೊದಲೇ ಅದರದ್ದೇ ಕಡ್ಡಿಗಳಲ್ಲಿ ಎರಡನ್ನು ಮುಂದಿನ ತಾಯಿಯಾಗಿ ಎತ್ತಿಡಿ. ದಾಸವಾಳ ಮೂರ್ನಾಲ್ಕು ವರ್ಷ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಕುಂಡದಿಂದ ಎತ್ತಿ, ಹೊರಗಿನ ಬೇರು ಎರಡು ಬೆರಳಷ್ಟು ಕತ್ತರಿಸಿ, ಹೊಸ ಮಣ್ಣು ತುಂಬಿ. ಹಳೇ ಸೇವಂತಿಗೆ ಮಣ್ಣನ್ನು ಮತ್ತೆ ಸೇವಂತಿಗೆಗೇ ಹಾಕಬೇಡಿ. ನಮ್ಮದು ಗೇಟಿನ ಹತ್ತಿರದ ತೆಂಗಿನ ಬುಡಕ್ಕೆ ಹೋಗುತ್ತದೆ.

ಕುಂಡಕ್ಕೊಂದು ಚೀಟಿ ಚುಚ್ಚಿ: ತಳಿ, ನೆಟ್ಟ ದಿನ, ಕೊನೆಯ ಗೊಬ್ಬರ, ಕೊನೆಯ ಕಡ್ಡಿ, ಎಷ್ಟು ಬೇರು ಬಿಟ್ಟವು. ಪೆನ್ನು ಬಿಸಿಲಿಗೆ ಅಳಿಸಿಹೋಗುತ್ತದೆ, ಸೀಸದ ಪೆನ್ಸಿಲಿನಲ್ಲಿ ಬರೆಯಿರಿ. ಮುದ್ದೆ ದಾಸವಾಳದ ಹೋದ ವರ್ಷದ ಚೀಟಿಯಲ್ಲಿ '12 ಕಡ್ಡಿ, 10 ಬಂದವು' ಎಂದಿದೆ. ಹಡಪ್ಸರಿನ ಕಾಕಾರಿಗೆ ಒಂದು ಕೊಟ್ಟುಬಂದೆ. ಎಲೆ ತಿರುಗಿಸಿ ಹಿಂಬದಿ ನೋಡಿ, ಮೂರು ವಾರ ಬೇರೆ ಇಡಬೇಕೆಂದು ನರ್ಸರಿಯ ಹಿಂದಿನ ಮೂಲೆಗೆ ಒಯ್ದರು.